ಕೀಬೋರ್ಡಿನ ಮೇಲೆ ಟವಲ್

ಬಿಡದಿ ಕಡೆ ಒಂದರ ಹಿಂದೊಂದು ಫ್ಯಾಕ್ಟರಿ ಏಳುತ್ತಿದ್ದ ಕಾಲ. ಅಂಥದೊಂದರ ಸ್ಟೋರ್ಸಿನಲ್ಲಿ ನಾನು ಗುಮಾಸ್ತೆ. ರಾಮನಗರದಿಂದ ದಿನಾ ಬಸ್ಸು. ಊಟದ ಹೊತ್ತಿಗೆ ಗೇಟಿನ ಹತ್ತಿರ ಟೈ ಕಟ್ಟಿಕೊಂಡವರು ನಿಂತು, ಸಂಬಳದ ಚೀಟಿ ತೋರಿಸಿದವರಿಗೆಲ್ಲ ಕ್ರೆಡಿಟ್ ಕಾರ್ಡ್ ಮಾಡಿಸಿಕೊಡುತ್ತಿದ್ದರು. ನಾನೂ ಸಹಿ ಹಾಕಿದೆ. ಕಾರ್ಡು ಬಂದ ದಿನ ಅಮ್ಮ ಅದಕ್ಕೆ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟಳು. ನನಗೋ, ಬೀದಿಗೆಲ್ಲ ತೋರಿಸಿಕೊಂಡು ಬರುವಷ್ಟು ಜಂಬ.

ಅಪ್ಪನಿಗೆ ಬಿಪಿ ಇತ್ತು. ಮನೆಯಲ್ಲೇ ನೋಡಿಕೊಳ್ಳುವ ಮಿಷನ್ನು ಇಂಟರ್‌ನೆಟ್ಟಿನಲ್ಲಿ ಸಿಗುತ್ತದೆಂದು ಕೇಳಿ, ಬಸ್ ಸ್ಟ್ಯಾಂಡ್ ಹಿಂದಿನ ಸೈಬರ್ ಸೆಂಟರಿಗೆ ಹೋದೆ. ಮೂರೇ ಕಂಪ್ಯೂಟರು. ನಡೆಸುತ್ತಿದ್ದವನು ನನಗಿಂತ ಒಂದೆರಡು ವರ್ಷ ಚಿಕ್ಕವನು, ಹೆಗಲ ಮೇಲೆ ಸದಾ ಒಂದು ಟವಲ್. ಬ್ಯಾಂಕಿನಲ್ಲಿ ಚಲನ್ನನ್ನು ಪಕ್ಕದವರ ಕೈಗೆ ಕೊಟ್ಟು ‘ಒಸಿ ಬರ್ಕೊಡಿ’ ಅನ್ನುವವರು ನಾವು. ನಾನು ಕಾರ್ಡನ್ನು ಹಾಗೇ ಅವನ ಕೈಗಿಟ್ಟೆ.

ಮಿಷನ್ನು ಹುಡುಕಿ, ಕಾರ್ಡಿನ ಮುಂಬದಿಯ ನಂಬರನ್ನು ಅವನೇ ಒತ್ತಿದ. ಆಮೇಲೆ ಕಾರ್ಡನ್ನು ತಿರುಗಿಸದೆ ನನಗೆ ವಾಪಸ್ಸು ಕೊಟ್ಟ.

“ಹಿಂದ್ಗಡೆ ಮೂರು ನಂಬರ್ ಐತಲ್ಲ ಅಕ್ಕ, ಅದನ್ನ ನೀವೇ ಒತ್ತಿ. ಯಾರ್ಗೂ ಯೋಳ್ಬೇಡಿ, ನಂಗೂ ಬ್ಯಾಡ.” ಅಂದವನೇ ಹೆಗಲ ಟವಲ್ ತೆಗೆದು ನನ್ನ ಕೈಯೂ ಕೀಬೋರ್ಡೂ ಮುಚ್ಚುವಂತೆ ಹಾಸಿದ. “ನಮ್ಮಪ್ಪ ದನದ ವ್ಯಾಪಾರದೋರು. ಬೆಲೆ ಏನಿದ್ರೂ ಟವಲ್ ಕೆಳ್ಗೆ, ಬೆರಳಲ್ಲೇ. ಪಕ್ಕದಾಗೆ ಕುಂತಿರೋನ್ಗೂ ಗೊತ್ತಾಗಂಗಿಲ್ಲ.”

ಅಷ್ಟು ಹೇಳಿ ಗೋಡೆ ಕಡೆ ತಿರುಗಿ ನಿಂತ. ಟವಲ್ ಒಳಗೆ ಬೆರಳಿಗೆ ಕೀ ಸಿಗದೆ ನಾನು ತಡಕಾಡಿದೆ, ಇಬ್ಬರೂ ನಕ್ಕೆವು. ಹತ್ತು ದಿನಕ್ಕೆ ಮಿಷನ್ನು ಬಂತು. ಅಪ್ಪ ಮನೆಗೆ ಬಂದವರ ತೋಳಿಗೆಲ್ಲ ಅದನ್ನು ಸುತ್ತಿದರು.

ಎರಡು ತಿಂಗಳ ಮೇಲೆ ಬಂದ ಬಿಲ್ಲಿನಲ್ಲಿ, ನಾನು ಕಂಡು ಕೇಳರಿಯದ ಊರಿನಲ್ಲಿ ಕೊಂಡ ಮೊಬೈಲುಗಳಿದ್ದವು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಕಾರ್ಡು ಮುಟ್ಟಿದವನು ಅವನೊಬ್ಬನೇ ತಾನೆ? ಬಸ್ಸಿಳಿದವಳೇ ಸೀದಾ ಅಲ್ಲಿಗೆ ಹೋದೆ. ಒಳಗೆ ಐದಾರು ಗಿರಾಕಿಗಳಿದ್ದರು.

“ಟವಲ್ ಹಾಕೋ ನಾಟಕ ಬೇರೆ ಆಡ್ದಲ್ಲ! ಕಳ್ಳ!” ಎಂದು ಕೂಗಿದೆ.

“ಅಕ್ಕ, ನಾನು ಆ ಕಡೆ ತಿರುಗಿದ್ನಲ್ಲ...” ಅಂದ, ಅಷ್ಟೇ. ನಾನು ಅಲ್ಲಿಗೂ ಬಿಡಲಿಲ್ಲ. ಮಾರನೆಯ ದಿನ ಬಸ್ಸಿನಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ಹೋದೆ.

ಬ್ಯಾಂಕಿಗೆ ದೂರು ಕೊಟ್ಟಾಗ, ಫೋನಿನಲ್ಲಿದ್ದ ಹೆಂಗಸು ತಾಳ್ಮೆಯಿಂದ ಕೇಳಿದಳು: “ಈಚೆಗೆ ಯಾವುದಾದರೂ ಇ-ಮೇಲಿಗೆ ಕಾರ್ಡಿನ ವಿವರ ಕೊಟ್ಟಿದ್ದೀರಾ ಮೇಡಂ?”

ಕೊಟ್ಟಿದ್ದೆ. ಸ್ಟೋರ್ಸಿನ ಕಂಪ್ಯೂಟರಿನಲ್ಲಿ, ಊಟದ ಬಿಡುವಿನಲ್ಲಿ. ಇವತ್ತೇ ವಿವರ ತುಂಬದಿದ್ದರೆ ಕಾರ್ಡು ರದ್ದು ಅಂತ ಬ್ಯಾಂಕಿನ ಚಿತ್ರ ಹಾಕಿದ್ದ ಒಂದು ಪತ್ರ ಬಂದಿತ್ತು. ಯಾರ ಸಹಾಯವೂ ಇಲ್ಲದೆ ಇಂಗ್ಲಿಷಿನಲ್ಲಿ ತುಂಬಿದೆನೆಂದು ಹೆಮ್ಮೆಪಟ್ಟಿದ್ದೆ. ಹಿಂಬದಿಯ ಆ ಮೂರು ಅಂಕಿಯನ್ನೂ ಬರೆದಿದ್ದೆ. ಬ್ಯಾಂಕಿನವರು ಅದನ್ನು ಎಂದೂ ಹಾಗೆ ಕೇಳುವುದಿಲ್ಲ ಎಂದು ಆಕೆ ಹೇಳಿದಳು.

ಅವತ್ತೇ ಹೋಗಬೇಕಿತ್ತು. ಕೂಗಾಡಿದ್ದ ಜಾಗದಲ್ಲೇ, ಅಷ್ಟೇ ಜನರ ಮುಂದೆ, ತಪ್ಪು ನಂದೇ ಅನ್ನಬೇಕಿತ್ತು. ನಾಳೆ ಹೋದರಾಯಿತು, ಸಂಬಳವಾದ ಮೇಲೆ ಸ್ವೀಟು ತಗೊಂಡು ಹೋದರಾಯಿತು ಎಂದು ದಿನ ದೂಡಿದೆ. ಸೆಂಟರಿನ ಮುಂದೆ ಹಾಯುವುದು ಬೇಡವೆಂದು ಬಳಸು ದಾರಿ ಹಿಡಿದೆ. ನನ್ನ ಮಾತಿಗೆ ಮಾತ್ರ ಬಳಸು ದಾರಿ ಬೇಕಿರಲಿಲ್ಲ. ‘ಅಲ್ಲಿ ಕಾರ್ಡು ಕದೀತಾರಂತೆ’ ಅನ್ನುವುದು ಊರೆಲ್ಲ ಸುತ್ತಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಅಮ್ಮ ಅಂದಾಗ ಅವಳ ಮೇಲೂ ರೇಗಿದೆ. ವರ್ಷ ತುಂಬುವುದರೊಳಗೆ ಸೆಂಟರಿನ ಬಾಗಿಲು ಮುಚ್ಚಿತು. ಅವನು ರೇಷ್ಮೆ ಗೂಡಿನ ಮಾರ್ಕೆಟ್ಟಿನಲ್ಲಿ ತೂಕ ಬರೆಯುವ ಕೆಲಸಕ್ಕೆ ಸೇರಿದನೆಂದು ಯಾರೋ ಹೇಳಿದರು. ಅಲ್ಲಿಗೂ ನಾನು ಹೋಗಲಿಲ್ಲ.

ಎಷ್ಟೋ ವರ್ಷದ ಮೇಲೆ ಒಂದು ಮಧ್ಯಾಹ್ನ ಎಟಿಎಂನಲ್ಲಿ ದುಡ್ಡು ತೆಗೆಯುತ್ತಿದ್ದೆ. ಬಾಗಿಲ ಬಳಿ ಯಾರೋ ಬಂದು ನಿಂತಂತಾಗಿ ತಿರುಗಿದರೆ, ಅವನೇ. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು, ಹೆಗಲ ಮೇಲೆ ಟವಲ್ ಇತ್ತು. ನನ್ನ ಗುರುತು ಅವನಿಗೆ ಸಿಕ್ಕಿತು. ತಪ್ಪಾಯಿತು ಅನ್ನಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಮಿಷನ್ನು ಪಿನ್ ಕೇಳಿತು.

ಅವನು ಗೋಡೆ ಕಡೆ ತಿರುಗಿ ನಿಂತ.