ಮುಖ ನೋಡಲು ಬರುತ್ತಿದ್ದ ಬಾವ

ಅವನ ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ಮಸಿಯಲ್ಲದ ಒಂದು ಕಪ್ಪು ಯಾವಾಗಲೂ ಅಂಟಿಕೊಂಡಿರುತ್ತಿತ್ತು. ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ ತೊಟ್ಟಿನಿಂದ ಒಸರುವ ಹಾಲು ಬೆರಳಿಗೆ ತಾಗಿ, ಒಣಗಿ, ಕಪ್ಪಾಗಿ, ಯಾವ ಸೋಪಿಗೂ ಜಗ್ಗದೆ ಕೂತುಬಿಡುತ್ತದೆ. ಚಿಂತಾಮಣಿಯಲ್ಲಿ ನಾವು ಇಂಟರ್ಮೀಡಿಯೆಟ್ ಓದುತ್ತಿದ್ದಾಗ ಪ್ರತಿ ಸೋಮವಾರ ಬೆಳಿಗ್ಗೆ ಅವನು ಆ ಕಪ್ಪನ್ನು ಹೊಸದಾಗಿ ಹಚ್ಚಿಕೊಂಡು ಜಂಗಮಕೋಟೆಯಿಂದ ಬಂದಿಳಿಯುತ್ತಿದ್ದ. ಶನಿವಾರ ಊರಿಗೆ ಹೋದವನು ಒಂದೂವರೆ ದಿನ ಸೊಪ್ಪು ಕೊಯ್ಯದೆ ಬರುವುದುಂಟೆ?

ಒಂದು ಸೋಮವಾರ ಕೆಮಿಸ್ಟ್ರಿ ಲ್ಯಾಬಿನಲ್ಲಿ ನಾವು ಮೂವರೂ ಒಂದೇ ಮೇಜಿನ ಮುಂದೆ ನಿಂತಿದ್ದೆವು. ವಿದುರಾಶ್ವತ್ಥದ ಕಡೆಯ ನಾನು, ಮುರುಗಮಲ್ಲದ ಸಾಹೇಬ, ಮತ್ತು ಇವನು. ಮೇಷ್ಟ್ರು ಇವನ ಕೈ ಹಿಡಿದು ಬೆಳಕಿಗೆ ತಿರುಗಿಸಿದರು.

"ಏನಯ್ಯಾ, ಕೈ ತೊಳೀದೆ ಲ್ಯಾಬಿಗೆ ಬರ್ತೀಯ?"

"ತೊಳ್ದಿದೀನಿ ಸಾರ್. ಇದು ನಮ್ಮನೆ ಬಣ್ಣ."

ಹಿಂದಿನಿಂದ ಸಾಹೇಬ ಬಾಯಿ ಹಾಕಿದ. "ಸಾರ್, ನಿಮ್ಮ ಆಸಿಡ್ ಸುರಿದು ನೋಡಿ. ಬಾವ ಕರಗಿಹೋಗ್ತಾನೆ, ಬಣ್ಣ ಮಾತ್ರ ಹೋಗಲ್ಲ."

ಮೇಷ್ಟ್ರಿಗೂ ನಗು ತಡೆಯಲಾಗಲಿಲ್ಲ.

ಬಾವ ಅನ್ನುವುದು ಅವನ ಹೆಸರಲ್ಲ. ಅವನ ಮನೆಯಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಕಂಡ ಗೆಳೆಯರನ್ನೆಲ್ಲ "ಏಮಿ ಬಾವಾ" ಎಂದು ಕರೆಯುವುದು ಅವನ ರೂಢಿ. ಹಾಗೆ ಊರಿಗೆಲ್ಲ ಹಂಚಿದ ಸಂಬಂಧ ಕೊನೆಗೆ ಅವನ ತಲೆಯ ಮೇಲೆಯೇ ಬಂದು ಕೂತಿತು. ನಾವು ಬಾಡಿಗೆಗಿದ್ದ ಕೋಣೆಯ ಯಜಮಾನಿ, ಮಡಿ ಸೀರೆಯ ಮುದುಕಿ, ಆಕೆಯೂ "ನಿಮ್ಮ ಬಾವ ಬಂದನೇನ್ರೋ" ಎಂದೇ ಕೇಳುತ್ತಿದ್ದರು.

ಓದಿನಲ್ಲಿ ಅವನು ಸಾಧಾರಣ. ಪುಸ್ತಕ ಮುಖದ ಮೇಲೆ ಮುಚ್ಚಿಕೊಂಡು ಮಲಗುವುದನ್ನೇ ಓದು ಎಂದು ಸಾಧಿಸುತ್ತಿದ್ದ. ಆದರೆ ಯಾರಿಗಾದರೂ ಜ್ವರ ಬಂದಿದೆ, ಯಾರದೋ ಅಪ್ಪ ಆಸ್ಪತ್ರೆಯಲ್ಲಿದ್ದಾರೆ ಎಂದು ಕಿವಿಗೆ ಬಿದ್ದರೆ ಸಾಕು, ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದ. ಹೋಗಿ ಮಾಡುವುದೇನೂ ಇಲ್ಲ. ಹಣ್ಣು ಒಯ್ಯುತ್ತಿರಲಿಲ್ಲ, ಸಮಾಧಾನ ಹೇಳಲು ಬರುತ್ತಿರಲಿಲ್ಲ. ಮಂಚದ ಪಕ್ಕ ಕೂತು, ಮುಖ ನೋಡಿ, ನೀರು ಕುಡಿದು ಎದ್ದು ಬರುತ್ತಿದ್ದ. ಯಾಕೋ ಹೀಗೆ ಅಲೀತೀಯ ಎಂದರೆ, "ಮುಖ ನೋಡ್ಬೇಕು ಬಾವ. ಆಮೇಲೆ ನೋಡ್ತೀನಿ ಅಂದ್ರೆ ಆಗಲ್ಲ" ಎನ್ನುತ್ತಿದ್ದ.

ಒಮ್ಮೆ ರಜೆಯಲ್ಲಿ ಅವನ ಮನೆಗೆ ನಮ್ಮಿಬ್ಬರನ್ನೂ ಕರೆದುಕೊಂಡು ಹೋದ. ಬಾಗಿಲಲ್ಲಿ ಅವರಮ್ಮ ನಿಂತಿದ್ದರು. ಗಿಡ್ಡ ಆಳು, ಸೆರಗು ಸೊಂಟಕ್ಕೆ ಬಿಗಿದಿತ್ತು. ಒಳಗೆ ತಟ್ಟೆಗಳ ತುಂಬ ಹುಳು. ರೇಷ್ಮೆ ಹುಳು ಪೊರೆ ಬಿಡುವ ಮೊದಲು ಮೇವು ಬಿಟ್ಟು ತಲೆ ಎತ್ತಿ ಸುಮ್ಮನಿರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಹುಳು ಅಂಥ ನಾಲ್ಕು ಜ್ವರ ದಾಟಬೇಕು. ಅಷ್ಟು ದಿನವೂ ಆ ಮನೆ ಬಾಣಂತಿಯ ಕೋಣೆಯಿದ್ದ ಹಾಗೆ. ಹೊರಗಿನವರು ಒಳಗೆ ಬರಬಾರದು, ಬೀಡಿಯ ವಾಸನೆ, ಹೂವಿನ ವಾಸನೆ ಸುಳಿಯಬಾರದು.

ಅಮ್ಮ ಮೂಗರಳಿಸಿದರು. "ಯಾರಪ್ಪ ಅತ್ತರು ಹಚ್ಕೊಂಡು ಬಂದಿರೋರು?"

"ಅತ್ತರು ಅಲ್ಲಮ್ಮ," ಎಂದ ಸಾಹೇಬ. "ಇದು ನನ್ನ ಹುಟ್ಟು ವಾಸ್ನೆ."

"ಹಂಗಾದ್ರೆ ಬಾವಿ ಹತ್ರ ಹೋಗಿ ಇನ್ನೊಂದ್ಸಲ ಹುಟ್ಟಿ ಬಾರಪ್ಪ."

ಸಾಹೇಬ ನಿಜವಾಗಿಯೂ ಹೋಗಿ ಸ್ನಾನ ಮಾಡಿ ಬಂದ. ಆದರೂ ಜಗಲಿಯ ಮೇಲೇ ಊಟ. ಬಿಸಿ ಮುದ್ದೆ, ಹುರುಳಿ ಬಸ್ಸಾರು. ಅಮ್ಮ ಬಡಿಸುತ್ತಲೇ ಆ ಮನೆಯ ಕಟ್ಟುಪಾಡು ಹೇಳಿದರು. ಹುಳು ಇರುವಾಗ ಸಾವಿನ ಮನೆಗೆ ಹೋಗುವಂತಿಲ್ಲ. ಹೋದವನು ಹುಳು ಗೂಡು ಕಟ್ಟಿ, ಆ ಗೂಡು ಬಿಡಿಸುವ ತನಕ ಹುಳುವಿನ ಮನೆಯ ಹೊಸ್ತಿಲು ತುಳಿಯುವಂತಿಲ್ಲ. ಸಾವಿನ ಸುದ್ದಿಯನ್ನು ಆ ಮಾಡಿನ ಕೆಳಗೆ ಆಡುವಂತೆಯೂ ಇಲ್ಲ. ನಾವು ನಕ್ಕೆವು. ಬಾವ ನಗಲಿಲ್ಲ. ಅವನಿಗೆ ಅದು ಉಸಿರಾಟದಷ್ಟು ಸಹಜ.

ಎರಡನೆಯ ವರ್ಷದ ಪರೀಕ್ಷೆ ಬರೆದವನು ಫಲಿತಾಂಶಕ್ಕೂ ಕಾಯದೆ ಊರಿಗೆ ಮರಳಿದ. ಅಪ್ಪನ ಕಣ್ಣು ಮಂಜಾಗಿತ್ತು. ಕಣ್ಣಿಲ್ಲದವರ ಕೈಗೆ ಹುಳು ಕೊಡಲಾಗದು. ಪಾಸಾಗಿದ್ದ, ಆದರೆ ಮುಂದಕ್ಕೆ ಓದಲಿಲ್ಲ. ನಾನು ಗೌರಿಬಿದನೂರಿನಲ್ಲಿ ಮೇಷ್ಟ್ರಾದೆ. ಸಾಹೇಬ ಮುರುಗಮಲ್ಲದಲ್ಲಿ ಬಸ್ ಏಜೆಂಟನಾಗಿ ದರ್ಗಾಕ್ಕೆ ಬರುವ ಜನರನ್ನು ಹತ್ತಿಸುತ್ತ ಇಳಿಸುತ್ತ ನಿಂತ. ಕಾಲೇಜು ಮುಗಿದ ಮೇಲೆ ಎಷ್ಟು ಗೆಳೆತನಗಳು ಉಳಿಯುತ್ತವೆ? ನಮ್ಮದು ಉಳಿಯಿತು. ಉಳಿಸಿದವನು ಬಾವ. ಒಂದು ಬೆಳೆ ಗೂಡು ಶಿಡ್ಲಘಟ್ಟದಲ್ಲಿ ಮಾರಿದ ಮೇಲೆ ಅವನು ಸೀದಾ ಮನೆಗೆ ಹೋಗುತ್ತಿರಲಿಲ್ಲ. ಒಂದು ಸಲ ಮುರುಗಮಲ್ಲ, ಇನ್ನೊಂದು ಸಲ ಗೌರಿಬಿದನೂರು. ಬೀದಿಯಿಂದಲೇ "ಬಾವಾ" ಎಂಬ ಕೂಗು. ಬಂದು ಕೂತು, ಸಾಹೇಬನ ಸುದ್ದಿ ನನಗೆ, ನನ್ನ ಸುದ್ದಿ ಸಾಹೇಬನಿಗೆ ಮುಟ್ಟಿಸಿ, ಬಂದ ಬಸ್ಸಿಗೇ ವಾಪಸ್ಸು.

ನನ್ನ ಹೆಂಡತಿ ಹೊಸದಾಗಿ ಬಂದಿದ್ದಳು. ಅವನು ಹೋದ ಮೇಲೆ ಕೇಳಿದಳು. "ಅಷ್ಟು ದೂರದಿಂದ ಏನಕ್ಕೆ ಬಂದಿದ್ರು ಇವರು?"

"ನನ್ನ ನೋಡಕ್ಕೆ."

"ನಿಮ್ಮಲ್ಲಿ ನೋಡೋ ಅಂಥದ್ದು ಏನಿದೆ?"

ಅದನ್ನು ಮುಂದಿನ ಸಲ ಅವನಿಗೆ ಹೇಳಿದೆ. "ತಂಗೀ, ನಾನೂ ಅದನ್ನೇ ಹುಡುಕ್ತಾ ಇದೀನಿ. ಸಿಕ್ಕಿದ ದಿನ ಬರೋದು ನಿಲ್ಲಿಸ್ತೀನಿ" ಎಂದು ಅವಳಿಗೆ ಕೈ ಮುಗಿದ.

ನನ್ನ ಮದುವೆಗೂ ಹಾಗೆಯೇ ಬಂದಿದ್ದ. ಆ ದಿನ ಅವನ ಮನೆಯಲ್ಲಿ ಹುಳು ಹಣ್ಣಾಗಿತ್ತು. ಹಣ್ಣಾದ ಹುಳುವನ್ನು ಆರಿಸಿ ಆಗಲೇ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು, ಇಲ್ಲವಾದರೆ ತಟ್ಟೆಯಲ್ಲೇ ನೂಲು ಬಿಟ್ಟು ಹಾಳಾಗುತ್ತದೆ. ಇಡೀ ಮನೆ, ಅಕ್ಕಪಕ್ಕದವರು ಎಲ್ಲ ಸೇರಿದರೂ ಕೈ ಸಾಲದ ಹೊತ್ತು. ಅಂಥದರಲ್ಲಿ ತಲೆಗೂದಲಲ್ಲಿ ಸೊಪ್ಪಿನ ಚೂರು ಸಿಕ್ಕಿಸಿಕೊಂಡೇ ಮುಹೂರ್ತಕ್ಕೆ ಬಂದು ನಿಂತ. ಅಕ್ಷತೆ ಹಾಕಿದ. ಸಾಹೇಬ ಅವನ ರಟ್ಟೆ ಹಿಡಿದು ಪಂಕ್ತಿಗೆ ಎಳೆದ. "ಪಾಯಸ ಆದ್ರೂ ಕುಡಿಯೋ, ಹುಳಾನೇ ನಿನಗಿಂತ ಜಾಸ್ತಿ ತಿಂತದೆ." ಬಾವ ಕೈ ಬಿಡಿಸಿಕೊಂಡ. "ಮುಖ ನೋಡಿದ್ನಲ್ಲ, ಸಾಕು." ಕಲ್ಲು ಹೇರಿದ ಯಾವುದೋ ಲಾರಿ ಹತ್ತಿ ಹೋದ.

ಆಮೇಲೆ ಕೆಲವು ವರ್ಷಕ್ಕೆ ಸಾಹೇಬ ಹೊಟ್ಟೆನೋವು ಎಂದು ಮಲಗಿದವನು ಮಾರನೆಯ ಬೆಳಿಗ್ಗೆ ಏಳಲಿಲ್ಲ. ಬಸ್ ಏಜೆಂಟನ ಸಾವು ಬಸ್ಸಿನವರ ಬಾಯಿಂದ ಬಾಯಿಗೆ ಹಬ್ಬಿ, ನಾನು ಶಾಲೆಗೆ ಹೊರಡುವ ಮೊದಲೇ ಗೌರಿಬಿದನೂರಿಗೆ ಬಂದಿತು. ಹೋದೆ. ಬಾವ ನನಗಿಂತ ಮುಂಚೆ ಬಂದಿರುತ್ತಾನೆ ಎಂದುಕೊಂಡಿದ್ದೆ. ಬಂದಿರಲಿಲ್ಲ.

ಸಾಹೇಬನ ಅಣ್ಣ ಹೇಳಿದರು. "ಜಂಗಮಕೋಟೆಗೆ ಕಂಡಕ್ಟರ್ ಕೈಲಿ ಆಗಲೇ ಹೇಳಿ ಕಳ್ಸಿದೀವಿ ಮಾಸ್ಟ್ರೇ. ಬಂದೇ ಬರ್ತಾರೆ. ಇನ್ನೊಂದು ಬಸ್ಸು ನೋಡಣ."

ಒಂದು ಬಸ್ಸು ಬಂತು. ಇನ್ನೊಂದು ಬಂತು. ಹಿರಿಯರು ತಡವಾಗುತ್ತಿದೆ ಎಂದರು. ಅಣ್ಣ ಮತ್ತೆ ರಸ್ತೆ ನೋಡಿದರು. ಮಧ್ಯಾಹ್ನದ ನಮಾಜಿಗೆ ಎತ್ತಬೇಕಾದವನನ್ನು ಸಂಜೆಯ ನಮಾಜಿನ ತನಕ ಇಟ್ಟುಕೊಂಡು ಕಾದರು. ಬಿಸಿಲು ಇಳಿದ ಮೇಲೆ ಕಾಯಲಾಗಲಿಲ್ಲ. ಬಾವನ ಪಾಲಿನ ಹಿಡಿ ಮಣ್ಣನ್ನೂ ನಾನೇ ಹಾಕಿದೆ.

ನಡೆದದ್ದು ಇಷ್ಟು. ಕಂಡಕ್ಟರ್ ಬೆಳಿಗ್ಗೆಯೇ ಜಂಗಮಕೋಟೆಯ ಮನೆಯ ಬಾಗಿಲಿಗೆ ಹೋಗಿದ್ದ. ಹುಳು ನಾಲ್ಕನೆಯ ಜ್ವರ ಎದ್ದು, ಹಾಕಿದ ಸೊಪ್ಪನ್ನೆಲ್ಲ ನುಂಗುತ್ತಿದ್ದ ದಿನಗಳು. ಬಾವ ತೋಟದಲ್ಲಿದ್ದ. ಅಪ್ಪನಿಗೆ ಆಗ ಕಣ್ಣು ಪೂರ್ತಿ ಹೋಗಿತ್ತು. ಮಗ ಸಾವಿನ ಮನೆಗೆ ಹೋಗಿ ಹೊಸ್ತಿಲಾಚೆ ಉಳಿದರೆ ಬೆಳೆ ಹೋದಂತೆ. ಅಮ್ಮ ಕಂಡಕ್ಟರನಿಗೆ ಮಜ್ಜಿಗೆ ಕೊಟ್ಟು, "ಹೇಳ್ತೀನಪ್ಪ, ನೀನು ಹೊರಡು" ಎಂದು ಕಳಿಸಿದರು. ಹೇಳಲಿಲ್ಲ. ಗೂಡು ಬಿಡಿಸಿ, ಮೂಟೆ ಕಟ್ಟಿದ ಮೇಲೆ ಮಗನನ್ನು ಜಗಲಿಗೆ ಕರೆದು ಹೇಳಿದರು.

ಅವನು ನನ್ನ ಮನೆಗೆ ಬಂದ. ಆ ದಿನ ಬೀದಿಯಿಂದ ಕೂಗಲಿಲ್ಲ. ಬಾಗಿಲಲ್ಲಿ ನೆರಳು ಬಿದ್ದಾಗ ಎದ್ದು ನೋಡಿದೆ.

"ಎಷ್ಟೊತ್ತಿನ ತನಕ ಕಾದ್ರು?" ಎಂದು ಕೇಳಿದ.

ನಾನು ಸುಳ್ಳು ಹೇಳಲು ನೋಡಿದೆ, ಬರಲಿಲ್ಲ. "ಸಂಜೆ ತನಕ."

"ಮುಖ ಮುಚ್ಚಿದ್ರಾ, ಬಿಟ್ಟಿದ್ರಾ?"

"ನೀನು ಬರ್ತೀಯ ಅಂತ ಬಿಟ್ಟಿದ್ರು."

ಅವನು ಗೋಡೆಗೆ ಒರಗಿದ. ಅಮ್ಮ ಹೀಗೆ ಮಾಡಬಾರದಿತ್ತು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಅಡ್ಡ ಹಿಡಿದ. "ಅಮ್ಮನ್ನ ಏನೂ ಅನ್ಬೇಡ ಬಾವ. ನಾನೇ ಆ ಬಾಗಿಲಲ್ಲಿ ನಿಂತಿದ್ದು, ಬೇರೆ ಯಾರ್ದೋ ಸುದ್ದಿ ಬಂದಿದ್ರೆ, ನಾನೂ ಮಜ್ಜಿಗೆ ಕೊಟ್ಟೇ ಕಳಿಸ್ತಿದ್ದೆ. ನಮ್ಮನೇಲಿ ನಮಗೆ ಬೇರೆ ಗೊತ್ತಿಲ್ಲ."

ಅಮ್ಮನ ಮೇಲೆ ಅವನು ಒಂದು ದಿನವೂ ರೇಗಲಿಲ್ಲ. ಆದರೆ ಅಮ್ಮ ಅದನ್ನೇ ಹೇಳಿಕೊಂಡು ಕೊರಗುತ್ತಿದ್ದರು. ನಾನು ಹೋದಾಗ ಒಮ್ಮೆ ಮೆಲ್ಲಗೆ ಹೇಳಿದರು. "ಬೈದ್ರೆ ಚೆನ್ನಾಗಿತ್ತಪ್ಪ. ಹಾಕಿದ್ದು ಉಣ್ತಾನೆ, ಕೇಳಿದ್ದಕ್ಕೆ ಹ್ಞೂಂ ಅಂತಾನೆ. ಎದ್ದು ತೋಟಕ್ಕೆ ಹೋಗ್ತಾನೆ."

ಅಲ್ಲಿಂದ ಮುಂದೆ ಬಾವನ ಬರವು ಕಡಿಮೆಯಾಯಿತು. ಬಂದರೂ ಮಾತು ಮೊದಲಿನ ಹಾಗೆ ಸಾಗುತ್ತಿರಲಿಲ್ಲ. ಮೂವರಿದ್ದಾಗ ಇಬ್ಬರು ಜಗಳವಾಡಿದರೆ ಇನ್ನೊಬ್ಬ ನಗಿಸುತ್ತಿದ್ದ, ಇಬ್ಬರು ಸುಮ್ಮನಾದರೆ ಇನ್ನೊಬ್ಬ ಕೆಣಕುತ್ತಿದ್ದ. ನಾವಿಬ್ಬರೂ ಮಾತಿನ ನಡುವೆ ಸಾಹೇಬ ಬಾಯಿ ಹಾಕುವ ಜಾಗ ಬಿಟ್ಟು ಕಾಯುತ್ತಿದ್ದೆವೋ ಏನೋ. ಕಾಫಿ ಆರುತ್ತಿತ್ತು. ಬಾವ ಎದ್ದು, "ಬರ್ತೀನಿ" ಎನ್ನುತ್ತಿದ್ದ. ಮುಖ ನೋಡಬೇಕು ಎಂಬ ಆ ಮಾತನ್ನು ಅವನ ಬಾಯಿಂದ ನಾನು ಮತ್ತೆ ಕೇಳಲಿಲ್ಲ. ಮುರುಗಮಲ್ಲಕ್ಕೆ ಮಾತ್ರ ತಪ್ಪದೆ ಹೋಗುತ್ತಿದ್ದನಂತೆ. ಗೋರಿಯ ಬಳಿ ಕೂತು, ಸಾಹೇಬನ ಹೆಂಡತಿ ಬಾಗಿಲ ಮರೆಯಿಂದ ಕೊಡುವ ಚಹಾ ಕುಡಿದು ಬರುತ್ತಿದ್ದನಂತೆ. ನಾವಿಬ್ಬರೂ ಒಟ್ಟಿಗೆ ಅಲ್ಲಿಗೆ ಒಮ್ಮೆಯೂ ಹೋಗಲಿಲ್ಲ. ಹೋಗಬಹುದಿತ್ತು. ನಾಳೆ ಹೋದರಾಯಿತು ಎಂಬ ದಿನಗಳು ನಮ್ಮ ಮುಂದೆ ಬೇಕಾದಷ್ಟಿವೆ ಎಂದುಕೊಂಡಿದ್ದೆವು.

ಅವನಿಗೆ ಕಾಮಾಲೆ ಹಿಡಿದದ್ದು ನನಗೆ ಗೊತ್ತೇ ಇರಲಿಲ್ಲ. ನಾಟಿ ಔಷಧಿ ಕುಡಿಯುತ್ತಿದ್ದನಂತೆ, ಪಥ್ಯ ಮಾಡುತ್ತಿದ್ದನಂತೆ, ನಡುವೆ ಹುಳುವನ್ನೂ ಸಾಕುತ್ತಿದ್ದನಂತೆ. ಒಂದು ಬೆಳಿಗ್ಗೆ ಪ್ರಾರ್ಥನೆಯ ಗಂಟೆ ಹೊಡೆಯುವ ಮುಂಚೆ, ಜಂಗಮಕೋಟೆಯಿಂದ ಆಳೊಬ್ಬ ಶಾಲೆಯ ಗೇಟಿನ ಬಳಿ ಬಂದು ನಿಂತಿದ್ದ. ಸೂರ್ಯ ಹುಟ್ಟುವುದಕ್ಕೂ ಮೊದಲೇ ಅಮ್ಮ ಅವನನ್ನು ಸಿಕ್ಕಿದ ಲಾರಿಗೆ ಹತ್ತಿಸಿ ಕಳಿಸಿದ್ದರು.

ನಾನು ಹೋಗುವ ಹೊತ್ತಿಗೆ ಬಾವನನ್ನು ಜಗಲಿಯ ಮೇಲೆ ಮಲಗಿಸಿದ್ದರು. ಹುಳುವಿನ ಮನೆಯ ಬಾಗಿಲು ತೆರೆದೇ ಇತ್ತು. ತಟ್ಟೆಗಳಲ್ಲಿ ಕೊನೆಯ ಹಂತದ ಹುಳು, ಸೊಪ್ಪಿಲ್ಲದೆ ತಲೆ ಎತ್ತಿಕೊಂಡಿತ್ತು. ಅಕ್ಕಪಕ್ಕದ ಮನೆಗಳಲ್ಲೂ ಹುಳು ಇತ್ತೇನೋ, ಜನ ಅಂಗಳದ ಆಚೆಯೇ ನಿಂತಿದ್ದರು. ಒಬ್ಬರು ಹಿರಿಯರು ಹತ್ತಿರ ಬರದೆಯೇ ಹೇಳಿದರು. "ಏನಮ್ಮ, ಹುಳ ಮನೇಲಿರುವಾಗ ಹಿಂಗೆ ಊರೂರಿಗೆ ಸುದ್ದಿ ಕಳಿಸ್ತಾರಾ? ಬೇಗ ಎತ್ತಿಬಿಡಣ."

ಅಮ್ಮ ಮಗನ ತಲೆಯ ಬಳಿ ಕೂತಿದ್ದವರು ಅತ್ತ ತಿರುಗಲಿಲ್ಲ. ನನ್ನನ್ನು ಕಂಡು ಕೈ ಚಾಚಿದರು.

"ಬಂದ್ಯಾಪ್ಪ. ಎಲ್ಲಾರಿಗೂ ಹೇಳಿ ಕಳ್ಸಿದೀನಿ. ಕಾಲೇಜಲ್ಲಿ ಓದ್ದೋರು ಇನ್ನೂ ಯಾರಾದ್ರೂ ಇದ್ರೆ ಹೇಳು, ಆಳು ಕಳಿಸ್ತೀನಿ."

ಇನ್ನು ಯಾರೂ ಇಲ್ಲಮ್ಮ ಎಂದೆ.

"ಮುರುಗಮಲ್ಲದೋರು ಬರ್ಬೇಕು," ಎಂದರು ಅಮ್ಮ. "ಕಾಯಣ."

ಬಾವನ ಮುಖಕ್ಕೆ ಬಿಸಿಲು ಬಿದ್ದಾಗ ಅವರು ಸೆರಗು ಅಡ್ಡ ಹಿಡಿದರು. ಮಧ್ಯಾಹ್ನದ ಬಸ್ಸಿಗೆ ಸಾಹೇಬನ ಅಣ್ಣ ಇಳಿದರು, ಹಿಂದೆ ಬುರ್ಖಾ ತೊಟ್ಟ ಸಾಹೇಬನ ಹೆಂಡತಿ. ಆಕೆ ಮುಸುಕು ಸರಿಸಿ ಬಾವನ ಮುಖ ನೋಡಿ, ಅಮ್ಮನ ಪಕ್ಕದಲ್ಲಿ ಕೂತರು. ಆಮೇಲೆ ನಾವು ಅವನನ್ನು ಎತ್ತಿದೆವು.