ಕುಕ್ಕಿ ತುಂಬಿದ ಪೆಟ್ರೋಲು

ನನ್ನ ಗಂಡ ಅಫಜಲಪುರದಲ್ಲಿ ಜೋಳ, ತೊಗರಿಯ ಅಡತಿ ಅಂಗಡಿ ಇಟ್ಟಿದ್ದರು. ಚೀಲ ತುಂಬುವಾಗ ನಡುನಡುವೆ ಎತ್ತಿ ನೆಲಕ್ಕೆ ಕುಕ್ಕಿದರೆ ಕಾಳು ಕೆಳಗಿಳಿದು ಇನ್ನೆರಡು ಸೇರಿಗೆ ಜಾಗವಾಗುತ್ತದೆ. ಪೆಟ್ರೋಲಿಗೂ ಇದೇ ನಿಯಮ ಎಂದು ಅವರು ನಂಬಿದ್ದರು.

ಹೀಗಾಗಿ ಪಂಪಿಗೆ ಬೆಳಗಿನ ತಂಪಿನಲ್ಲೇ ಹೋಗಬೇಕು. ಆಗ ಪೆಟ್ರೋಲು ದಟ್ಟವಾಗಿರುತ್ತದಂತೆ. ಪೈಪು ಟಕ್ಕೆಂದು ತಾನೇ ನಿಂತ ಮೇಲೆ ನಾನೂ ಅತ್ತೆಯೂ ಇಳಿದು ಹಿಂದಿನಿಂದ ಕಾರನ್ನು ಅಲ್ಲಾಡಿಸಬೇಕು. ಮತ್ತೆ ಒಂದಿಷ್ಟು ಹಾಕಿಸಬೇಕು.

“ನಿಮ್ಮಪ್ಪ ಎತ್ತಿಗೆ ನೀರ್ ಕುಡಿಸಿದ ಮ್ಯಾಲ ಹಿಂಗ ಅಲ್ಲಾಡಿಸ್ತಿದ್ದಿಲ್ಲಪಾ,” ಎಂದು ಅತ್ತೆ ಮಗನಿಗೆ ಹೇಳುತ್ತಿದ್ದರು, ಅಲ್ಲಾಡಿಸುತ್ತಲೇ.

ಹೀಗೆ ಕಂಠಮಟ್ಟ ತುಂಬಿಸಿದ ಪೆಟ್ರೋಲು ಬಿಸಿಲೇರುವ ಹೊತ್ತಿಗೆ ಮುಚ್ಚಳದ ಸಂದಿನಿಂದ ತೊಟ್ಟಿಕ್ಕುತ್ತಿತ್ತು. ಅವರು ಅದನ್ನು ಕರವಸ್ತ್ರದಿಂದ ಒರೆಸಿ, ಈ ಸಲ ಮೈಲೇಜು ಚೆನ್ನಾಗಿ ಬಂತು ಎನ್ನುತ್ತಿದ್ದರು.

ಹೋದ ತೊಗರಿ ಸುಗ್ಗಿಯಲ್ಲಿ ಎದೆನೋವು ಬಂದು ತೀರಿಕೊಂಡರು. ಎರಡು ದಿನ ಮುಂಚೆ ಟ್ಯಾಂಕು ತುಂಬಿಸಿದ್ದರು. ಶಿವಗಣಾರಾಧನೆಯ ಓಡಾಟಕ್ಕೆ ಬಂಧುಗಳು ಅದರಲ್ಲಿ ಮುಕ್ಕಾಲು ಮುಗಿಸಿದರು. ಉಳಿದದ್ದು ಮುಗಿಯಬಾರದು, ಅದರ ಮೇಲೆ ಬೇರೆಯದು ಬೀಳಬಾರದು ಎಂದು ನಾನು ಹಟ ಹಿಡಿದೆ. ಕಾರು ಓಡಿಸಲು ಬಂದರೂ ತವರೂರು ಗೊಬ್ಬೂರಿಗೆ ಬಸ್ಸಿನಲ್ಲಿ ಹೋದೆ. ಬ್ಯಾಟರಿ ಕೆಡದಿರಲೆಂದು ವಾರಕ್ಕೊಮ್ಮೆ ಓಣಿಯಲ್ಲಿ ಒಂದು ಸುತ್ತು ಹಾಕಿ ಪೆಟ್ರೋಲಿನ ಮುಳ್ಳು ನೋಡುತ್ತಿದ್ದೆ. ಅದು ಇಳಿಯುತ್ತಲೇ ಇತ್ತು.

ಹೋದ ತಿಂಗಳು ಕೊಳಕೂರಿನಲ್ಲಿ ಅತ್ತೆಯ ತಂಗಿಯ ಮರಿಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮವಿತ್ತು. ಬಸ್ಸಿಗೆ ಹೋಗೋಣ ಎಂದೆ.

“ಮನಿ ಮುಂದ ಕಾರ್ ನಿಂತೈತಿ. ನನ್ನ ಮೊಣಕಾಲ್ ನೋಡಿ ಬಸ್ಸಿನವ ಪಾವಟಿಗಿ ತಗ್ಗ ಮಾಡ್ತಾನೇನು?” ಎಂದರು ಅತ್ತೆ.

ಕಾರಣ ಹೇಳಿದೆ. ಅವರು ಎದ್ದು ಹೋಗಿ ಕಾರಿನಲ್ಲಿ ಕೂತರು.

“ಅವ ತುಂಬಿಸಿದ್ದು ತಿರುಗ್ಯಾಡಾಕ ಬೇ, ಉಪ್ಪಿನಕಾಯಿ ಹಾಕಾಕಲ್ಲ.”

ಉಳಿದದ್ದು ಕೊಳಕೂರಿಗೆ ಸಾಲುತ್ತಿರಲಿಲ್ಲ. ಪಂಪಿನವನು ಕಾರು ಕಂಡದ್ದೇ ತಡ, ಪೈಪು ಹಚ್ಚಿ ಹಿಂದೆ ಹೋಗಿ ಬಂಪರ್ ಹಿಡಿದು ನಿಂತ.

“ಅಲ್ಲಾಡಿಸಲೇನ್ರಿ ಅಕ್ಕಾರ?”

“ಬ್ಯಾಡ್ರಿ. ಟಕ್ ಅಂದಲ್ಲಿಗೆ ಬಿಡ್ರಿ.”

“ಅಷ್ಟೇ ಬೇಕ್ರಿ. ಬಿಸಿಲಿಗೆ ಪೆಟ್ರೋಲ್ ಉಬ್ಬತೈತಿ, ಮ್ಯಾಲ ಜಾಗ ಇರಬೇಕು. ಸಾವಕಾರ್ರಿಗೆ ಎಷ್ಟ್ ಸಲ ಹೇಳೇನಿ. ನನಗ ಚೀಲ ತುಂಬೂದು ಕಲಿಸಿ ಹೋಗ್ತಿದ್ರು.”

ಟಕ್ಕೆಂದು ನಿಂತಿತು. ಕೀಲಿ ತಿರುವಿದೆ. ಮುಳ್ಳು ಮೆಲ್ಲಗೆ ಮೇಲೇರಿತು. ಅದರಲ್ಲಿ ಅವರ ಪಾಲು ಯಾವುದೆಂದು ಇನ್ನು ಯಾರೂ ಹೇಳಲಾರರು. ಕಣ್ಣು ತುಂಬಿ ಮುಂದಿನ ಗಾಜು ಕಾಣದಾಯಿತು.

“ಅಳೂದಿದ್ರ ಕಾರ್ ಮುಂದ ತಗೊಂಡು ಅಳು,” ಎಂದರು ಅತ್ತೆ. “ಹಿಂದ ಆಟೋದವ ಕಾಯಾಕತ್ತಾನ.”

ಗಾಳಿ ಹಾಕುವಲ್ಲಿ ಕಾರು ನಿಲ್ಲಿಸಿ ಇಬ್ಬರೂ ಅತ್ತು ಮುಗಿಸಿದೆವು. ಅಷ್ಟರಲ್ಲಿ ಅಲ್ಲಿಯವನು, ನಾವು ಕೇಳದಿದ್ದರೂ, ನಾಲ್ಕೂ ಗಾಲಿಗೆ ಗಾಳಿ ಹಾಕಿಬಿಟ್ಟಿದ್ದ. ಕಾರನ್ನು ಕೊಳಕೂರಿನ ಕಡೆ ತಿರುಗಿಸಿದೆ.