ರೋಟರಿ ಕಾರಿಗೆ ನಾಲ್ಕು ನಿಂಬೆಹಣ್ಣು

ಕಾರು ನೋಡಲು ಹೋದವನಿಗೆ ಅದರ ಯಜಮಾನರು ಮೊದಲು ಕೇಳಿದ ಪ್ರಶ್ನೆ: "ಬೆಳಿಗ್ಗೆ ಗಡಿಬಿಡಿಯಲ್ಲಿದ್ದಾಗ ನೀನು ಎಂಥ ಮನುಷ್ಯ?" ಹೆಣ್ಣು ನೋಡಲು ಹೋದಾಗ ನಮ್ಮ ಮಾವನವರೂ ನನ್ನನ್ನು ಇಷ್ಟು ಕೆದಕಿರಲಿಲ್ಲ.

ನೆದರ್ಲ್ಯಾಂಡ್ಸಿನ ಹೂಫ್‌ಡಾರ್ಪಿಗೆ ಬಂದು ಆರು ವರ್ಷವಾದರೂ ಡಚ್ಚರಿಗೆ ಸೈಕಲ್ ಹುಚ್ಚು ಮಾತ್ರ ಎಂದುಕೊಂಡಿದ್ದೆ. ರೋಟರಿ ಕಾರಿನವರನ್ನು ಆಗಿನ್ನೂ ಕಂಡಿರಲಿಲ್ಲ. ಈ ಜಪಾನಿ ಸ್ಪೋರ್ಟ್ಸ್ ಕಾರಿನ ಎಂಜಿನ್ನಿಗೆ ಪಿಸ್ಟನ್ ಇಲ್ಲ. ಮೂರು ಮೂಲೆಯ ತುಂಡೊಂದು ನಮ್ಮ ರುಬ್ಬುಗುಂಡಿನ ಹಾಗೆ ಒಳಗೆ ತಿರುಗುತ್ತದೆ. ಆ ಸದ್ದು ಒಮ್ಮೆ ಕೇಳಿದವರು ಕೆಟ್ಟರು. ನಾನೂ ಕೆಟ್ಟೆ. ಈ ಮಂದಿ ಕಾರನ್ನು ಸುಲಭಕ್ಕೆ ಮಾರುವುದಿಲ್ಲ, ರೈಲನ್ ಮಾಡುತ್ತಾರೆ, ಅಂದರೆ ಅದಲುಬದಲು.

ಕಾರಿನ ಯಜಮಾನ ಕೀಸ್ ಎಪ್ಪತ್ತು ದಾಟಿದವರು. ನಮ್ಮಲ್ಲಾದರೆ ಅಂಕಲ್ ಎನ್ನದೆ ಬಾಯಿ ತೆರೆಯುವಂತಿಲ್ಲ. ಇಲ್ಲಿ ಬರೀ ಕೀಸ್ ಎನ್ನಬೇಕು. ನನ್ನ ನಾಲಿಗೆ ಇನ್ನೂ ಒಗ್ಗಿಲ್ಲ. ಮಂಡಿ ಕೈಕೊಟ್ಟಿದ್ದರಿಂದ ಅವರಿಗೆ ಈ ತಗ್ಗಿನ ಕಾರಿನ ಬದಲು, ಹತ್ತಿಳಿಯಲು ಸುಲಭವಾದ ನನ್ನ ಎತ್ತರದ ಕಾರು ಬೇಕಿತ್ತು. ಆದರೂ ನನಗಿಂತ ಮೊದಲು ಬಂದ ಇಬ್ಬರನ್ನು ಹಿಂದಕ್ಕೆ ಕಳಿಸಿದ್ದರು. "ತಣ್ಣಗಿರುವಾಗ ಸ್ಟಾರ್ಟ್ ಮಾಡಿ ತಕ್ಷಣ ಆಫ್ ಮಾಡಬೇಡ. ಒಳಗೆ ಪೆಟ್ರೋಲ್ ತುಂಬಿ ಉಸಿರು ಕಟ್ಟುತ್ತದೆ. ಅಷ್ಟು ತಾಳ್ಮೆ ಇಲ್ಲದವನಿಗೆ ನನ್ನ ಕಾರಿಲ್ಲ." ಮೂರು ಶನಿವಾರ ಅವರ ಕಪ್ಪು ಕಾಫಿ ಕುಡಿದು ಒಪ್ಪಿಸಿದೆ.

ಕಾರು ಬದಲಿಸುವ ದಿನ ಹೆಂಡತಿ ಶೈಲಜಾ ಕುಂಕುಮ, ನಿಂಬೆಹಣ್ಣು ಹಿಡಿದುಕೊಂಡೇ ಬಂದಳು. "ಅಲ್ಲ ಮಾರಾಯ್ರೆ, ಪೂಜೆ ಮಾಡ್ದೆ ಗಾಡಿ ರೋಡಿಗೆ ಇಳಿಸುದಾ?" ಕಾಗದಪತ್ರ ಇನ್ನೂ ಆಗಿರಲಿಲ್ಲ. ಕೀಸ್ ಬಾಗಿಲಲ್ಲಿ ನಿಂತು ಕುತೂಹಲದಿಂದ ನೋಡುತ್ತಿದ್ದರು. ಚಕ್ರಕ್ಕೊಂದರಂತೆ ನಾಲ್ಕು ನಿಂಬೆಹಣ್ಣು ಇಟ್ಟಾಯಿತು. ಸ್ಟಾರ್ಟ್ ಮಾಡಿದೆ, ಒಂದು ಮಾರು ಮುಂದೆ ಹೋದೆ, ಹಣ್ಣು ಪಚಕ್ಕೆಂದವು. ಆರತಿ ತೆಗೆದುಕೊಳ್ಳಲು ಭಕ್ತಿಯಿಂದ ಎಂಜಿನ್ ಆಫ್ ಮಾಡಿ ಇಳಿದೆ.

ಇಳಿದ ಮೇಲೆ ಕೀಸ್ ಮುಖ ನೋಡಿದೆ.

ಮತ್ತೆ ಕೀಲಿ ತಿರುಗಿಸಿದರೆ ಎಂಜಿನ್ ಕೆಮ್ಮಲೂ ಇಲ್ಲ. "ಹಾಳಾಯ್ತಾ?" ಎಂದಳು ಶೈಲಜಾ. ಕಾರು ಕೈತಪ್ಪಿತು ಎಂದೇ ಅಂದುಕೊಂಡೆ. ನಾಚಿಕೆಗೆ ಅಳು ಬರುವಂತಾಯಿತು. ಕೀಸ್ ಹತ್ಯಾರು ತಂದು ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದೊಂದೇ ಒಣಗಿಸಿದರು. ಗಂಟೆಯ ಮೇಲೆ ಎಂಜಿನ್ ಢಮ್ಮೆಂದು ಬೀದಿಗೆಲ್ಲ ಬಿಳಿ ಹೊಗೆ ಕಕ್ಕಿತು. ಎದುರು ಮನೆಯಾಕೆ ಓಡಿ ಬಂದು ಬೆಂಕಿ ಬಿತ್ತೇ ಎಂದರು.

"ಇಲ್ಲ, ಪೂಜೆ," ಎಂದರು ಕೀಸ್.

"ಆಫ್ ಮಾಡಬೇಡ, ಓಡಿಸು" ಎಂದು ನೋವಿನ ಮಂಡಿ ಹೇಗೋ ಮಡಚಿ ಪಕ್ಕದಲ್ಲಿ ಕೂತರು. ಪಕ್ಕ ಎಂದರೆ ಎಡಗಡೆ. ಜಪಾನಿನಿಂದ ತರಿಸಿದ ಕಾರಾದ್ದರಿಂದ ಸ್ಟಿಯರಿಂಗ್ ನಮ್ಮೂರಿನ ಹಾಗೆ ಬಲಕ್ಕೆ. ಆದರೆ ಇಲ್ಲಿ ರಸ್ತೆಯ ಮೇಲೂ ಬಲಕ್ಕೇ ಹೋಗಬೇಕು. ಮುಂದಿನ ಲಾರಿ ದಾಟಬೇಕಾದರೆ ಅವರು ಇಣುಕಿ ಹೇಳಬೇಕು.

"ಮೊದಲ ವಾರ ನಾನೂ ತೊಳೆಯಲೆಂದು ಎರಡು ಹೆಜ್ಜೆ ಹಿಂದೆ ತೆಗೆದು ಆಫ್ ಮಾಡಿದ್ದೆ," ಎಂದರು ಕೊನೆಗೆ. "ಇಪ್ಪತ್ತು ವರ್ಷವಾದರೂ ಆ ಸೀಟು ನನಗೆ ಒಗ್ಗಲಿಲ್ಲ. ನೀನು ಅಲ್ಲೇ ಹುಟ್ಟಿದವನ ಹಾಗೆ ಕೂತಿದ್ದೀ. ಇಟ್ಟುಕೋ."

ಆ ಮಾತಿಗೆ ತಿಂಗಳುಗಟ್ಟಲೆ ಉಬ್ಬಿಕೊಂಡು ತಿರುಗಿದೆ. ಮೊನ್ನೆ ರಜೆಗೆ ಉಡುಪಿಗೆ ಹೋದಾಗ ತಮ್ಮನ ಕಾರು ಹತ್ತಿದೆ. ಅದೇ ಬಲಗಡೆ ಸೀಟು. ಹಾಯಾಗಿ ರಸ್ತೆಯ ಬಲಕ್ಕೇ ಹೊರಟೆ. ಎದುರಿನ ಬಸ್ಸು ಕಿರ್ರೆಂದು ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿ, "ಎಂತ ಮಾರಾಯ್ರೆ, ಯಾವ ಊರು ನಿಮ್ದು?" ಎಂದು ಕಿರುಚಿದ.

ಉಡುಪಿಯೇ ಎನ್ನಲು ಬಾಯಿ ತೆರೆದವನು, ಸುಮ್ಮನೆ ರಿವರ್ಸ್ ಹಾಕಿದೆ.